ಐಷಾರಾಮದ ಕಿರುಗಾಡಿಯೂ ನಾಲ್ಕು ತಾಲ್ಲೂಕುಗಳ ಹಾದಿಯೂ

ಮನೆಗೊಂದು ಹಸುವನ್ನು ಕೊಳ್ಳುವಾಗ ನಮ್ಮ ಹಿರಿಯರು ಅದರ ಬಣ್ಣವನ್ನೂ ಕೊಂಬನ್ನೂ ನೋಡಿ ಮೆಚ್ಚಿದರೂ, ಹಣವನ್ನೆಣಿಸುವ ಮೊದಲು ಕೊಟ್ಟಿಗೆಯಲ್ಲಿ ಕುಳಿತು ಹಾಲು ಕರೆದು ನೋಡುತ್ತಿದ್ದರು. ಎತ್ತುಗಳನ್ನು ಕೊಳ್ಳುವಾಗ ಹೇರಿದ ಗಾಡಿಗೆ ಹೂಡಿ, ಏರಿನಲ್ಲಿ ನಡೆಸಿ ನೋಡುತ್ತಿದ್ದರು. ಅರ್ಧ ಕೋಟಿ ರೂಪಾಯಿಯ ಮೋಟಾರು ಗಾಡಿಯನ್ನು ಕೊಳ್ಳತಕ್ಕ ಈಗಿನ ಗೃಹಸ್ಥರಾದರೋ, ಅಂಗಡಿಯವರು ತೋರಿಸಿದ ನುಣುಪಾದ ಬೀದಿಯಲ್ಲಿ ಹತ್ತು ನಿಮಿಷ ತಾವೊಬ್ಬರೇ ನಡೆಸಿ, ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಬಿಡುವುದುಂಟು. ಈ ಎರಡು ಪದ್ಧತಿಗಳಲ್ಲಿ ಯಾವುದು ವಿವೇಕವುಳ್ಳದ್ದೆಂಬುದನ್ನು ಪರೀಕ್ಷಿಸುವ ಸಂದರ್ಭವು ಈಚೆಗೆ ನಮಗೊದಗಿತು.

ಚನ್ನಗಿರಿಯ ಕಡೆಯ ಅಡಿಕೆ ತೋಟಗಾರರೊಬ್ಬರು ನಮಗೆ ಬಹುಕಾಲದ ಪರಿಚಿತರು. ಎರಡು ಫಸಲಿನ ಉಳಿತಾಯವನ್ನು ಮುಂಗಡವಾಗಿ ಕೊಟ್ಟು, ಉಳಿದುದಕ್ಕೆ ಸಾಲ ಮಾಡಿ, ಐಷಾರಾಮದ ಕಿರು ಎಸ್‌ಯುವಿಯೊಂದನ್ನು ಕೊಳ್ಳುವ ಆಲೋಚನೆ ಅವರಿಗಿತ್ತು. ಸಹಿ ಹಾಕುವುದಕ್ಕೆ ಮೊದಲು ಅದೇ ಮಾದರಿಯ ಗಾಡಿಯನ್ನು ಎರಡು ದಿನಗಳ ಮಟ್ಟಿಗೆ ಬಾಡಿಗೆಗೆ ತರಿಸಿ, ತಾಯಿ, ಹೆಂಡತಿ, ಕಾಲೇಜಿನಲ್ಲಿ ಓದುವ ಮಗಳು, ಇವರೊಡನೆ ನಮ್ಮನ್ನೂ ಕೂರಿಸಿಕೊಂಡು ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳನ್ನು ಸುತ್ತಿದರು. ಆ ಗಾಡಿಯ ಹೆಸರನ್ನು ಇಲ್ಲಿ ಹೇಳುವ ಅವಶ್ಯಕತೆಯಿಲ್ಲ. ಅದರ ಗುಣದೋಷಗಳು ಬಹುಮಟ್ಟಿಗೆ ಆ ವರ್ಗಕ್ಕೇ ಸೇರಿದವು.

ಆ ವರ್ಗವಾದರೂ ಯಾವುದು? 1941ರ ಯುದ್ಧಕಾಲದಲ್ಲಿ ಹುಟ್ಟಿದ ವಿಲ್ಲೀಸ್ ಜೀಪಿನಲ್ಲಿ ಕೆಳಗೊಂದು ಉಕ್ಕಿನ ಚೌಕಟ್ಟು, ಅದರ ಮೇಲೊಂದು ತೊಟ್ಟಿ. ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ. ನಮ್ಮ ಹಳ್ಳಿಗಳಲ್ಲಿ 'ಜೀಪು' ಎಂದೊಡನೆ ಮನಸ್ಸಿಗೆ ಬರುವುದು ಇದೇ ಕಟ್ಟಡ. 1994ರಲ್ಲಿ ಜಪಾನಿನ ಟೊಯೋಟಾದವರು ಆರ್‌ಎವಿ4 ಎಂಬ ಗಾಡಿಯನ್ನು ಹೊರತಂದರು. ಅದರಲ್ಲಿ ಚೌಕಟ್ಟು ಬೇರೆ, ಒಡಲು ಬೇರೆ ಎಂಬುದಿಲ್ಲದೆ, ಸಾಧಾರಣ ಕಾರಿನಂತೆ ಎಲ್ಲವೂ ಒಂದೇ ಕವಚ. ನಿಲುವು ಮಾತ್ರ ಎತ್ತರ. ಈಗಿನ ವೋಲ್ವೊ ಎಕ್ಸ್‌ಸಿ40, ಬಿಎಂಡಬ್ಲ್ಯು ಎಕ್ಸ್1, ಆಡಿ ಕ್ಯೂ3 ಮೊದಲಾದವು ಈ ಎರಡನೆಯ ವಂಶಕ್ಕೆ ಸೇರಿದವು. ಅಂದರೆ, ಇವು ಜೀಪಿನ ಉಡುಪನ್ನು ತೊಟ್ಟ ಕಾರುಗಳು. ಎಕ್ಸ್1 ಗಾಡಿಯು 2023ರಲ್ಲಿ ಹೊಸ ರೂಪದಿಂದ ನಮ್ಮ ದೇಶಕ್ಕೆ ಬಂದಾಗ ಅದರಲ್ಲಿ ಬಲವು ಮುಂದಿನ ಎರಡು ಚಕ್ರಗಳಿಗೆ ಮಾತ್ರವಿತ್ತು. ಇದು ದೋಷವಲ್ಲ, ಆದರೆ ಕೊಳ್ಳುವವರು ತಿಳಿದಿರತಕ್ಕ ಸಂಗತಿ.

'ಕಿರು' ಎಂಬ ವಿಶೇಷಣವೂ ವಿಚಾರಾರ್ಹವಾದುದು. ನಮ್ಮ ದೇಶದ ತೆರಿಗೆಯ ಕಾನೂನಿನಲ್ಲಿ ಚಿಕ್ಕ ಗಾಡಿಯೆಂದರೆ ನಾಲ್ಕು ಮೀಟರಿಗೆ ಒಳಪಟ್ಟದ್ದು. ಎಕ್ಸ್‌ಸಿ40 ಸುಮಾರು 4.4 ಮೀಟರು, ಎಕ್ಸ್1 ಸುಮಾರು 4.5 ಮೀಟರು ಉದ್ದವಿವೆ. ಅಗಲವು ಆರಡಿಯನ್ನು ಮೀರುತ್ತದೆ. ಕನ್ನಡಿಗಳೂ ಸೇರಿದರೆ ಎರಡು ಮೀಟರಿಗೂ ಹೆಚ್ಚು. ಐರೋಪ್ಯರ ದೊಡ್ಡ ಗಾಡಿಗಳ ಪಕ್ಕದಲ್ಲಿ ನಿಲ್ಲಿಸಿದರೆ ಇವು ಕಿರಿದು. ತೋಟದ ಬೇಲಿಗಳ ನಡುವೆ ನಿಲ್ಲಿಸಿದರೆ ಹಿರಿದು. ಎಕ್ಸ್‌ಸಿ40 ಗಾಡಿಯ ವಿದ್ಯುತ್ ಮಾದರಿಯು 2022ರಲ್ಲಿ ಬೆಂಗಳೂರಿನ ಸಮೀಪದ ಹೊಸಕೋಟೆಯ ಕಾರ್ಖಾನೆಯಲ್ಲಿಯೇ ಜೋಡಣೆಗೊಂಡು ಮಾರಾಟಕ್ಕೆ ಬಂದುದು ಕನ್ನಡಿಗರಿಗೆ ಸಂತೋಷದ ವಿಷಯ. ಆದರೆ ನಮ್ಮ ನಾಡಿನಲ್ಲಿ ಜೋಡಿಸಿದ ಮಾತ್ರಕ್ಕೆ ಗಾಡಿಯು ನಮ್ಮ ನಾಡಿನ ಹಾದಿಗೆ ಅಳತೆ ಮಾಡಿದುದಾಗುವುದಿಲ್ಲ.

ರೂಪದ ವಿಷಯವಾಗಿ ಹೇಳುವುದಾದರೆ, ನಮ್ಮ ಕೈಸೇರಿದ ಗಾಡಿಯು ನಿಜವಾಗಿಯೂ ಚೆಲುವಾದುದು. ಮೂತಿಯೂ ಹಿಂಬದಿಯೂ ಮೊಟಕು, ಚಕ್ರಗಳು ದೊಡ್ಡವು. ಆದುದರಿಂದ ನಿಂತಲ್ಲಿಯೂ ನೆಲವನ್ನು ಬಲವಾಗಿ ಹಿಡಿದಂತೆ ಕಾಣುತ್ತದೆ. ಕೆಳ ಅಂಚಿಗೆ ಸುತ್ತಲೂ ಹಚ್ಚಿರುವ ಕಪ್ಪು ಪಟ್ಟಿಯು ಬರಿಯ ಅಲಂಕಾರವಲ್ಲ. ಸಿಡಿಯುವ ಜಲ್ಲಿಯಿಂದ ಬಣ್ಣವನ್ನು ಕಾಪಾಡುತ್ತದೆ. ಆದರೆ ಕಿಟಕಿಯ ಕೆಳಗೆರೆಯನ್ನು ಹಿಂದಕ್ಕೆ ಹೋದಂತೆಲ್ಲ ಮೇಲಕ್ಕೆ ಎಳೆದಿದ್ದಾರೆ. ಹೊರಗಿನಿಂದ ಅದು ಓಟದ ಭಂಗಿಯಂತೆ ತೋರುತ್ತದೆ. ಹಿಂದೆ ಕುಳಿತ ಮಗುವಿಗಾದರೋ ಗದ್ದೆಯೂ ಕಾಣದು, ಗುಡ್ಡವೂ ಕಾಣದು. ನಡೆಸುವವನಿಗೂ ಹಿಂದಿನ ಮೂಲೆ ಕಾಣದೆ, ಕ್ಯಾಮೆರಾವನ್ನೇ ನಂಬಬೇಕಾಗುತ್ತದೆ.

ಒಳಭಾಗದಲ್ಲಿ ಕೈಗೆ ತಗಲುವ ಸ್ಥಳವೆಲ್ಲ ಮೆತ್ತಗಿದೆ. ಹೊಲಿಗೆ ಅಚ್ಚುಕಟ್ಟು, ಬಾಗಿಲು ಮುಚ್ಚಿದೊಡನೆ ಹೊರಗಿನ ಗದ್ದಲ ದೂರವಾಗುತ್ತದೆ. ಆದರೆ ತಂಪನ್ನು ಹೆಚ್ಚಿಸಲು, ಗಾಳಿಯನ್ನು ತಿರುಗಿಸಲು ಗುಂಡಿಗಳಿಲ್ಲ. ಎಲ್ಲವೂ ಗಾಜಿನ ಪರದೆಯೊಳಗೆ. ನಡೆಸುತ್ತಿರುವಾಗ ಕಣ್ಣನ್ನು ರಸ್ತೆಯಿಂದ ತೆಗೆದು ಪರದೆಯಲ್ಲಿ ಹುಡುಕುವುದು ಯಾವ ಸುಖ? ಯೂರೋಪಿನ ಸುರಕ್ಷತಾ ಪರೀಕ್ಷಕರಾದ ಯೂರೋ ಎನ್‌ಕ್ಯಾಪ್ ಸಂಸ್ಥೆಯವರು 2026ರ ನಿಯಮಗಳಲ್ಲಿ ಹಾರನ್ನು, ವೈಪರು, ತಿರುವಿನ ದೀಪ ಮೊದಲಾದವಕ್ಕೆ ಕೈಗೆ ಸಿಕ್ಕುವ ಗುಂಡಿಗಳಿರಬೇಕೆಂದು ಬಯಸಿರುವುದು ಈ ಕಾರಣದಿಂದಲೇ.

ಇನ್ನು ಹಾದಿಯ ಮಾತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಜಗಳೂರು ಚಿತ್ರದುರ್ಗದಿಂದಲೂ, ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದಿಂದಲೂ ಬಂದು ಸೇರಿದವು. ನ್ಯಾಮತಿಯು ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಹೀಗೆ ಒಂದೇ ಜಿಲ್ಲೆಯೊಳಗೆ ಒಣ ಬಯಲು, ಅಡಿಕೆಯ ತೋಟ, ಹೊಳೆಯ ದಂಡೆ, ಅರೆಮಲೆನಾಡು ಎಂಬ ನಾಲ್ಕು ಬಗೆಯ ನೆಲ ಸಿಕ್ಕುತ್ತದೆ. ಗಾಡಿಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ?

ಮೊದಲ ದಿನ ದಾವಣಗೆರೆಯಿಂದ ಜಗಳೂರಿಗೆ ಹೋದೆವು. ತೆರೆದ ಬಯಲು, ದೂರದವರೆಗೆ ಕಾಣುವ ರಸ್ತೆ. ಇಲ್ಲಿ ಗಾಡಿಯು ತನ್ನ ಮಹಿಮೆಯನ್ನೆಲ್ಲ ತೋರಿಸಿತು. ಲಾರಿಯೊಂದನ್ನು ಹಿಂದಿಕ್ಕಬೇಕೆಂದಾಗ ಕಾಲಿನ ಸನ್ನೆಗೇ ಮುನ್ನುಗ್ಗಿತು. ಬ್ರೇಕು ಒತ್ತಿದಲ್ಲಿ ಅಲುಗಾಡದೆ ನಿಂತಿತು. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಚಾವಣಿಯ ದೊಡ್ಡ ಗಾಜು ನೆತ್ತಿಯ ಮೇಲೆ ಕಾವು ಸುರಿಸಿತು. ಸುಗ್ಗಿಯ ಕಾಲದಲ್ಲಿಯೇ ಹೀಗಾದರೆ ಚೈತ್ರ ವೈಶಾಖಗಳಲ್ಲಿ ಹೇಗೋ! ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ಕೊಂಡುಕುರಿಗಳಿಗಾಗಿ ವನ್ಯಧಾಮವಾಗಿದೆ. ಅಂತಹ ಸೀಮೆಯಲ್ಲಿ ಕತ್ತಲಾದ ಮೇಲೆ ಪ್ರಾಣಿಯೂ ಅಡ್ಡ ಬಂದೀತು, ದನವೂ ಬಂದೀತು. ಆದುದರಿಂದ ದೀಪಗಳ ಪರೀಕ್ಷೆಯನ್ನು ಹಗಲಿನಲ್ಲಿ ಮುಗಿಸತಕ್ಕದ್ದಲ್ಲ. ಒಂದು ಗಂಟೆಯಾದರೂ ರಾತ್ರಿ ನಡೆಸಿ ನೋಡತಕ್ಕದ್ದು.

ಜಗಳೂರಿನಿಂದ ಹಿಂದಿರುಗಿ, ದಾವಣಗೆರೆಯನ್ನು ಹಾದು ದಕ್ಷಿಣಕ್ಕೆ ತಿರುಗಿ, ಸಂತೇಬೆನ್ನೂರಿನ ಮೂಲಕ ಚನ್ನಗಿರಿಯತ್ತ ನಡೆದೆವು. ಸಂತೇಬೆನ್ನೂರಿನ ಪುಷ್ಕರಿಣಿಯ ಬಳಿ ಸ್ವಲ್ಪ ಹೊತ್ತು ಇಳಿದೆವು. ನೀರಿನ ನಡುವೆ ವಸಂತಮಂಟಪ, ಸುತ್ತಲೂ ಮೆಟ್ಟಲುಗಳು. ಚೆಲುವಿಗಾಗಿ ಕಟ್ಟಿದ ಕಟ್ಟಡವಾದರೂ, ಇಳಿಯುವವನ ಪಾದಕ್ಕೆ ಎಲ್ಲಿ ನೆಲೆ ಬೇಕೆಂಬುದನ್ನು ಕಟ್ಟಿದವರು ಮರೆತಿಲ್ಲ. ನಮ್ಮ ಗಾಡಿಯ ರೂಪಕಾರರು ಮಾತ್ರ ಅದನ್ನು ಕೊಂಚ ಮರೆತಂತಿದೆ. ತೋಟಗಾರರ ತಾಯಿಯವರು ಹಿಂದಿನ ಬಾಗಿಲಿನಿಂದ ಇಳಿಯುವಾಗ, ಹೊಸ್ತಿಲು ಅಗಲವಾಗಿದ್ದುದರಿಂದ ಕಾಲನ್ನು ದೂರಕ್ಕೆ ಚಾಚಬೇಕಾಯಿತು. "ಒಳಗೆ ಕೂತ್ರೆ ಅರಮನೆ ಇದ್ದಂಗೈತೆ, ಇಳಿಯಾಕೆ ಮಾತ್ರ ಇಬ್ರು ಕೈ ಹಿಡೀಬೇಕು ಕಣಪ್ಪ" ಎಂದು ಅವರು ಮಗನಿಗೆ ಹೇಳಿದರು. ಪತ್ರಿಕೆಗಳಲ್ಲಿ ಬರುವ ಎಷ್ಟೋ ವಿಮರ್ಶೆಗಳಲ್ಲಿ ಇಲ್ಲದ ಮಾತು ಇದು.

ಸಂಜೆ ಚನ್ನಗಿರಿಯ ಕಡೆಯ ಅವರ ತೋಟದ ದಾರಿಯನ್ನು ಹಿಡಿದೆವು. ಎರಡು ಕಡೆಯೂ ಬೇಲಿ, ನಡುವೆ ಟ್ರ್ಯಾಕ್ಟರು ಕೊರೆದ ಗಾಲಿಯ ಗುರುತು. ಈ ವರ್ಗದ ಗಾಡಿಗಳಿಗೆ ನೆಲದಿಂದ ಇರುವ ಎತ್ತರ ಬಹಳ ಹೆಚ್ಚೇನಲ್ಲ. ಐದು ಜನರೂ ಸಾಮಾನೂ ಏರಿದ ಮೇಲೆ ಅದು ಇನ್ನಷ್ಟು ಕುಗ್ಗುತ್ತದೆ. ಗಾಲಿಯ ಗುರುತಿನ ನಡುವಿನ ದಿಣ್ಣೆಯು ಹೊಟ್ಟೆಗೆ ತಗಲಿದ ಸದ್ದು ಕೇಳಿದೊಡನೆ ಯಜಮಾನರು ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಉಳಿದ ದೂರವನ್ನು ನಡೆದರು. ಅವರ ಹಳೆಯ ಜೀಪು ಅದೇ ಹಾದಿಯಲ್ಲಿ ಅಡಿಕೆಯ ಚೀಲಗಳನ್ನು ಹೇರಿಕೊಂಡು ದಿನವೂ ಓಡಾಡುತ್ತದೆ.

ಮರುದಿನ, ಈಗ ಶಾಂತಿಸಾಗರವೆಂದು ಕರೆಯಲ್ಪಡುವ ಸೂಳೆಕೆರೆಯ ನೀರನ್ನು ನೋಡಿಕೊಂಡು, ತುಂಗಭದ್ರೆಯನ್ನು ದಾಟಿ ಹೊನ್ನಾಳಿಯನ್ನು ಮುಟ್ಟಿದೆವು. ಕೊಯ್ಲಿನ ದಿನಗಳಾದುದರಿಂದ ಹಳ್ಳಿಗಳ ಹತ್ತಿರ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳವನ್ನು ಒಣಹಾಕಿದ್ದರು. ಗಾಡಿಯು ಗೆರೆ ತಪ್ಪದಂತೆ ಎಚ್ಚರಿಸುವ ಯಂತ್ರಕ್ಕೆ ಇಂತಹ ಹಾದಿಯಲ್ಲಿ ಕೆಲಸವಿಲ್ಲ. ರಸ್ತೆಯ ಮೇಲೆ ಬಿಳಿಯ ಗೆರೆಯಿದ್ದರಲ್ಲವೆ ಅದು ಕಾಣುವುದು! ಊರೂರಿಗೂ ಉಬ್ಬುಗಳು ಬೇರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಉಬ್ಬು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲವಿದ್ದು, ಗಂಟೆಗೆ 25 ಕಿಲೋಮೀಟರಿನಲ್ಲಿ ಸುಖವಾಗಿ ದಾಟುವಂತಿರಬೇಕು. ಹಳ್ಳಿಯವರು ಮಕ್ಕಳ ರಕ್ಷಣೆಗೆಂದು ತಾವೇ ಹಾಕಿಕೊಂಡ ಉಬ್ಬುಗಳು ಗೋಡೆಯಂತೆ ನಿಲ್ಲುತ್ತವೆ. ಚಕ್ರ ದೊಡ್ಡದಾಗಿ ಟೈರಿನ ರಬ್ಬರು ತೆಳುವಾಗಿರುವುದು ನೋಟಕ್ಕೆ ಚೆನ್ನ. ಪೆಟ್ಟು ಮಾತ್ರ ನೇರವಾಗಿ ಬೆನ್ನಿಗೆ ಬರುತ್ತದೆ. ಮುಂದೆ ಕುಳಿತ ನಮಗೆ ಸಣ್ಣದೆನಿಸಿದ ಕುಲುಕು ಹಿಂದೆ ಕುಳಿತವರಿಗೆ ದೊಡ್ಡದಾಗಿತ್ತು.

ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವಾಗ ನೆಲವು ಏರಿಳಿಯುತ್ತದೆ. ಅಲ್ಲಿ ಗಾಡಿಯನ್ನು ಕಾಲೇಜಿನ ಮಗಳ ಕೈಗೆ ಕೊಟ್ಟು, ಯಜಮಾನರು ಹಿಂದಿನ ಆಸನದ ನಡುವೆ ಕುಳಿತರು. ಕಾಲಿನ ಬಳಿ ನೆಲದ ಉಬ್ಬು, ಬೆನ್ನಿಗೆ ಗಟ್ಟಿಯಾದ ಒರಗು. ಅರ್ಧ ಗಂಟೆಯಲ್ಲಿ ಅವರು ಮೌನವಾದರು. ಇಡೀ ಪ್ರಯಾಣದಲ್ಲಿ ಇದೇ ಬಹುಮುಖ್ಯವಾದ ಪರೀಕ್ಷೆಯೆಂದು ನಮ್ಮ ಅಭಿಪ್ರಾಯ. ಗಾಡಿಯನ್ನು ಆರಿಸುವವನು ಮುಂದೆ ಕುಳಿತು ಆರಿಸುತ್ತಾನೆ. ಸಂಸಾರವು ಹಿಂದೆ ಕುಳಿತು ಪ್ರಯಾಣ ಮಾಡುತ್ತದೆ.

ಹಿಂದಿನವರ ವಿಷಯದಲ್ಲಿ ಮತ್ತೊಂದು ಮಾತು. ಸ್ವೀಡನ್ನಿನ ನಿಲ್ಸ್ ಬೋಲಿನ್ ಎಂಬ ಎಂಜಿನಿಯರರು 1959ರಲ್ಲಿ ವೋಲ್ವೊ ಕಂಪನಿಗಾಗಿ ಮೂರು ಬಿಂದುಗಳಲ್ಲಿ ಬಿಗಿಯುವ ಪಟ್ಟಿಯನ್ನು ರೂಪಿಸಿದರು; ಕಂಪನಿಯವರು ಅದನ್ನು ಜಗತ್ತಿನ ಎಲ್ಲ ತಯಾರಕರೂ ಬಳಸಲು ಬಿಟ್ಟುಕೊಟ್ಟರು. ಗಾಡಿಯ ಎಲ್ಲ ಐಷಾರಾಮಗಳಿಗಿಂತ ಬೆಲೆಯುಳ್ಳ ಈ ವಸ್ತುವನ್ನು ನಮ್ಮ ಮನೆಗಳಲ್ಲಿ ಹಿಂದೆ ಕುಳಿತವರು ಕಟ್ಟಿಕೊಳ್ಳುವುದೇ ಅಪರೂಪ. ಸೀರೆಯುಟ್ಟ ಹಿರಿಯರಿಗೆ ಅದು ಕೈಗೆಟಕುವುದೆ, ಕೊರಳನ್ನು ಉಜ್ಜದೆ ಭುಜದ ಮೇಲೆ ಕೂರುವುದೆ ಎಂಬುದನ್ನು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು.

ಕೊನೆಗೆ ಹಣದ ಲೆಕ್ಕ. ಎಕ್ಸ್1 ಗಾಡಿಯ ಬೆಲೆ 2023ರಲ್ಲಿ 45.9 ಲಕ್ಷದಿಂದ ಆರಂಭವಾಯಿತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಗಾಡಿಗಳಿಗೆ ಜಿಎಸ್‌ಟಿ ನೂರಕ್ಕೆ 40. ವಿದ್ಯುತ್ ಗಾಡಿಗೆ 5. ಇದು ಅಂಗಡಿಯ ಬೆಲೆಯೊಳಗೇ ಸೇರಿರುತ್ತದೆ. ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆಯು 20 ಲಕ್ಷ ಮೀರಿದ ಗಾಡಿಗೆ ನೂರಕ್ಕೆ 18, ಉಪಕರ ಬೇರೆ. ಐವತ್ತು ಲಕ್ಷದ ಗಾಡಿಗೆ ಇದೊಂದೇ ಒಂಬತ್ತು ಲಕ್ಷವನ್ನು ಮೀರುತ್ತದೆ. 25 ಲಕ್ಷ ಮೀರಿದ ವಿದ್ಯುತ್ ಗಾಡಿಗಳಿಗೂ 2024ರಲ್ಲಿ ನೂರಕ್ಕೆ 10ರ ತೆರಿಗೆ ಬಂದಿತು. ವಿದ್ಯುತ್ ಗಾಡಿಯನ್ನು ಬಯಸುವವರು, ಮನೆಯ ಸಂಪರ್ಕವು ಅದರ ಭಾರವನ್ನು ತಾಳುವುದೆ ಎಂದು ಮೊದಲು ವಿಚಾರಿಸಲಿ: 78 ಯೂನಿಟ್ಟಿನ ಬ್ಯಾಟರಿಯನ್ನು 7.4 ಕಿಲೋವ್ಯಾಟಿನ ಪೆಟ್ಟಿಗೆಯಿಂದ ತುಂಬಲು ಹತ್ತು ಗಂಟೆಗೂ ಹೆಚ್ಚು ಕಾಲ ಬೇಕು. ಕಂಪನಿಯ ಸ್ವಂತ ರಿಪೇರಿ ಶಾಲೆ ಎಷ್ಟು ದೂರ, ಸ್ಟೆಪ್ನಿ ಉಂಟೆ, ಒಂದು ಟೈರಿನ ಬೆಲೆಯೇನು ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯತಕ್ಕದ್ದು.

ಹಾಗಾದರೆ ಇಂತಹ ಗಾಡಿಯನ್ನು ಕೊಳ್ಳಬಾರದೆ? ಹಾಗೆಂದು ನಾವು ಹೇಳುವುದಿಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರು ಹೆದ್ದಾರಿ. ತಿಂಗಳಿಗೆ ಮೂರು ನಾಲ್ಕು ಸಲ ಅಲ್ಲಿಗೆ ಹೋಗಿಬರುವ, ಸಾಲವಿಲ್ಲದೆ ಕೊಳ್ಳಬಲ್ಲ ಸಂಸಾರಕ್ಕೆ ಇದು ದಣಿವನ್ನು ಕಳೆಯುವ, ಪ್ರಾಣವನ್ನು ಕಾಯುವ ಒಳ್ಳೆಯ ಗಾಡಿ. ತೋಟಕ್ಕೂ ಇದೇ, ಮದುವೆಗೂ ಇದೇ, ಸಾಲದಿಂದಲೇ ಎಂಬವರಿಗೆ ಇದು ತಕ್ಕದ್ದಲ್ಲ. ಅಡಿಕೆಯ ಧಾರಣೆ ಏರಿದ ವರ್ಷ ಮಾಡಿದ ಸಾಲವನ್ನು ಧಾರಣೆ ಇಳಿದ ವರ್ಷಗಳಲ್ಲಿಯೂ ತೀರಿಸಬೇಕಾಗುತ್ತದೆ. ಆ ವರ್ಷಗಳಲ್ಲಿಯೇ ಮಗಳ ಓದಿನ ಖರ್ಚೂ ಬರುತ್ತದೆ. ನಮ್ಮ ತೋಟಗಾರರು ಇನ್ನೂ ಸಹಿ ಹಾಕಿಲ್ಲ. ಕಾಗದವನ್ನು ಮನೆಯವರೆಲ್ಲರ ಮುಂದಿಟ್ಟಿದ್ದಾರೆ. ಸಹಿ ಹಾಕಿದರೂ ಹಾಕದಿದ್ದರೂ ತೀರ್ಮಾನವು ಹಿಂದಿನ ಆಸನದವರನ್ನೂ ಕೇಳಿ ಆಗುವುದರಿಂದ, ಅದು ಮನೆಗೆ ಹಿತವಾಗಿಯೇ ಇರುವುದೆಂದು ನಮ್ಮ ನಂಬಿಕೆ.