ಹೊರಗಿನವರಿಗೂ ಪ್ರಿಂಟರ್: ಸೌಲಭ್ಯವಿರಲಿ, ಗುಪ್ತಪದ ಬೇಡ

ಲೆಕ್ಕಪರಿಶೋಧನೆಯ ಕಾಲದಲ್ಲಿ ವ್ಯಾಪಾರ ಸಂಸ್ಥೆಗಳ ಕಚೇರಿಗಳಲ್ಲಿ ಕಂಡುಬರುವ ದೃಶ್ಯವೊಂದಿದೆ. ಲೆಕ್ಕಪರಿಶೋಧಕರ ಕಡೆಯ ಯುವಕರಿಬ್ಬರು ತಮ್ಮ ಲ್ಯಾಪ್‌ಟಾಪ್‌ಗಳೊಂದಿಗೆ ಬಂದು ಕುಳಿತಿರುತ್ತಾರೆ. ಸಂಜೆಯ ವೇಳೆಗೆ ತಾಳೆಪಟ್ಟಿಯ ಹತ್ತು ಪುಟಗಳನ್ನು ಮುದ್ರಿಸಬೇಕಾಗುತ್ತದೆ. ಪ್ರಿಂಟರ್ ಎದುರಿಗೇ ಇದೆ. ಆದರೆ ಆ ಲ್ಯಾಪ್‌ಟಾಪ್ ಸಂಸ್ಥೆಯ ಡೊಮೇನ್‌ಗೆ ಸೇರಿದ್ದಲ್ಲವಾದ್ದರಿಂದ ಸರ್ವರ್ ಹೆಸರು ಮತ್ತು ಗುಪ್ತಪದ ಕೇಳುತ್ತದೆ. ಹೊತ್ತಾಯಿತೆಂಬ ಅವಸರದಲ್ಲಿ ಗುಮಾಸ್ತರು ತಮ್ಮದೇ ಗುಪ್ತಪದವನ್ನು ಹೇಳಿಬಿಡುತ್ತಾರೆ. ಕಾಗದ ಹೊರಬರುತ್ತದೆ, ಎಲ್ಲರಿಗೂ ಸಮಾಧಾನ. ತಪ್ಪು ನಡೆಯುವುದು ಅಲ್ಲಿಯೇ.

ಡೊಮೇನ್ ಎಂದರೆ, ಸರಳವಾಗಿ ಹೇಳುವುದಾದರೆ, ಸಂಸ್ಥೆಯ ಸಿಬ್ಬಂದಿ ಮತ್ತು ಗಣಕಯಂತ್ರಗಳ ಬಗ್ಗೆ ಸರ್ವರ್ ಇಟ್ಟುಕೊಂಡಿರುವ ಅಧಿಕಾರ ಪಟ್ಟಿ. ಯಾರು ಯಾವ ಕಡತ ತೆರೆಯಬಹುದು, ಯಾವ ಪ್ರಿಂಟರ್ ಬಳಸಬಹುದು ಎಂಬುದನ್ನು ನಿರ್ಧರಿಸುವುದು ಆ ಪಟ್ಟಿಯೇ. ಆದ್ದರಿಂದ ಮುದ್ರಣಕ್ಕೆಂದು ಕೊಟ್ಟ ಗುಪ್ತಪದ ಮುದ್ರಣಕ್ಕಷ್ಟೇ ಸೀಮಿತವಾಗುವುದಿಲ್ಲ. ಆ ಗುಮಾಸ್ತರು ನೋಡಬಲ್ಲ ವೇತನ ಪಟ್ಟಿ, ಗಿರಾಕಿಗಳ ಬಾಕಿ, ದರಪಟ್ಟಿ ಎಲ್ಲಕ್ಕೂ ಅದೇ ಕೀಲಿಕೈ. ಲ್ಯಾಪ್‌ಟಾಪ್‌ಗೆ ಅದನ್ನು ನೆನಪಿಟ್ಟುಕೊಳ್ಳುವಂತೆ ಸೂಚಿಸಿದ್ದರಂತೂ, ಬಂದವರು ಮರಳಿದ ಮೇಲೂ ಆ ಕೀಲಿಕೈ ಅವರೊಡನೆಯೇ ಉಳಿಯುತ್ತದೆ.

ಇದು ಕೇವಲ ಊಹೆಯ ಭಯವಲ್ಲ. 2021ರ ಜುಲೈನಲ್ಲಿ ವಿಂಡೋಸ್‌ನ ಮುದ್ರಣ ಸೇವೆಯಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ದೋಷ ಬೆಳಕಿಗೆ ಬಂದಿತು. ಸಾಮಾನ್ಯ ನೌಕರನೊಬ್ಬನ ಗುಪ್ತಪದವಷ್ಟೇ ಕೈಯಲ್ಲಿದ್ದರೂ ಮುಖ್ಯ ಸರ್ವರನ್ನೇ ವಶಪಡಿಸಿಕೊಳ್ಳಬಹುದಾಗಿದ್ದ ಆ ದೋಷಕ್ಕೆ ಮೈಕ್ರೋಸಾಫ್ಟ್ ತುರ್ತಾಗಿ ಪರಿಹಾರ ಒದಗಿಸಬೇಕಾಯಿತು.

ಹೊಣೆಗಾರಿಕೆಯ ಪ್ರಶ್ನೆ ಇನ್ನೂ ದೊಡ್ಡದು. ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಬ್ಬರ ಹೆಸರಿನಲ್ಲಿ ಮತ್ತೊಬ್ಬರು ಪ್ರವೇಶಿಸುವ ರೂಢಿ ಇರುವಲ್ಲಿ ಇಂತಹ ದಾಖಲೆಗಳಿಗೆ ಬೆಲೆ ಉಳಿಯದು. ನಾಳೆ ಕಡತವೊಂದು ಕಾಣೆಯಾದರೆ, ದರಪಟ್ಟಿ ಪ್ರತಿಸ್ಪರ್ಧಿಯ ಕೈ ಸೇರಿದರೆ, ಸರ್ವರ್ ತೋರಿಸುವುದು ಗುಮಾಸ್ತರ ಹೆಸರನ್ನೇ. ಇಪ್ಪತ್ತು ವರ್ಷ ನಿಯತ್ತಿನಿಂದ ದುಡಿದವರು ಮಾಲೀಕರೆದುರು ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ; ತಾವು ಮಾಡಲಿಲ್ಲವೆಂದು ತೋರಿಸಲು ಅವರ ಬಳಿ ಆಧಾರವಿರುವುದಿಲ್ಲ. ಲೆಕ್ಕಪರಿಶೋಧಕರಿಗೂ ಇದು ಕ್ಷೇಮಕರವಲ್ಲ. ಪರಿಶೀಲಿಸಬೇಕಾದ ಲೆಕ್ಕದೊಳಗೆ ಬೇರೊಬ್ಬರ ಹೆಸರಿನಲ್ಲಿ ಪ್ರವೇಶ ಪಡೆದರೆಂಬ ಆಕ್ಷೇಪಕ್ಕೆ ಅವರು ಗುರಿಯಾಗಬಹುದು.

ಇದನ್ನು ತಪ್ಪಿಸಲು ಕೆಲವರು ಹಿಡಿಯುವ ಅಡ್ಡದಾರಿಗಳೂ ಸಮರ್ಪಕವಲ್ಲ. ಸರ್ವರ್‌ನಲ್ಲಿ ‘ಗೆಸ್ಟ್’ ಖಾತೆಯನ್ನು ತೆರೆದಿಟ್ಟರೆ ಗುಪ್ತಪದವಿಲ್ಲದೆ ಯಾರು ಬೇಕಾದರೂ ಬಾಗಿಲು ತಟ್ಟಬಹುದು. ಲ್ಯಾಪ್‌ಟಾಪನ್ನು ಕಚೇರಿಯ ಜಾಲಕ್ಕೆ ಸೇರಿಸಿ, ಪ್ರಿಂಟರ್‌ನ ಐಪಿ ವಿಳಾಸಕ್ಕೆ ನೇರವಾಗಿ ಮುದ್ರಣ ಕಳುಹಿಸಿದರೆ ಕೆಲಸವೇನೋ ಆಗುತ್ತದೆ. ಆದರೆ ಸರ್ವರ್‌ನಲ್ಲಿ ಅದರ ದಾಖಲೆ ಉಳಿಯದು, ಅನ್ಯ ಯಂತ್ರವೊಂದು ಇಡೀ ಜಾಲದೊಳಗೆ ಬಂದಂತೆಯೂ ಆಗುತ್ತದೆ. ಗಣಕ ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಯ್ದಿಡಬೇಕೆಂದು ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿರುವುದನ್ನು ಇಲ್ಲಿ ಮರೆಯಲಾಗದು.

ಹಾಗೆಂದು ಬಂದವರಿಗೆ ಮುದ್ರಣವೇ ಇಲ್ಲವೆನ್ನುವುದು ವ್ಯವಹಾರ ಜಾಣ್ಮೆಯಲ್ಲ. ಸಣ್ಣ ಸಂಸ್ಥೆಗಳಿಗೆ ಸುಲಭೋಪಾಯವೆಂದರೆ, ಕಚೇರಿಯ ಜಾಲಕ್ಕೆ ಸೇರಿಸದ ಸಾಧಾರಣ ಪ್ರಿಂಟರ್ ಒಂದನ್ನು ಪರಿಶೋಧಕರ ಮೇಜಿನ ಮೇಲೆ ಯುಎಸ್‌ಬಿ ತಂತಿಯೊಡನೆ ಇಡುವುದು. ಮಧ್ಯಮ ಸಂಸ್ಥೆಗಳು ಅತಿಥಿಗಳಿಗೆಂದೇ ಪ್ರತ್ಯೇಕ ಖಾತೆ ತೆರೆಯಬಹುದು. ಅದಕ್ಕೆ ಒಂದೇ ಪ್ರಿಂಟರ್‌ನ ಅನುಮತಿಯಿರಲಿ, ಕಡತಗಳ ಅನುಮತಿ ಬೇಡ. ಪರಿಶೋಧನೆ ಮುಗಿಯುವ ದಿನವೇ ಅದು ಮುಕ್ತಾಯಗೊಳ್ಳಲಿ. ಇಂತಹ ಗಡುವು ನಿಗದಿಪಡಿಸುವ ಸೌಲಭ್ಯ ವಿಂಡೋಸ್ ಡೊಮೇನ್‌ನಲ್ಲಿಯೇ ಇದೆ. ಮುದ್ರಣ ಸೇವೆಯನ್ನು ಮುಖ್ಯ ಸರ್ವರ್‌ನಿಂದ ಬೇರ್ಪಡಿಸಿ, ಭದ್ರತಾ ಪರಿಹಾರಗಳನ್ನು ಕಾಲಕಾಲಕ್ಕೆ ಅಳವಡಿಸುವುದೂ ಅಗತ್ಯ. ದೊಡ್ಡ ಸಂಸ್ಥೆಗಳು ಅತಿಥಿಗಳಿಗೆ ಬೇರೆ ಜಾಲವನ್ನೇ ರೂಪಿಸಿ, ಅಲ್ಲಿಂದ ಪ್ರಿಂಟರ್‌ಗೆ ಮಾತ್ರ ದಾರಿ ಬಿಡುವುದು ಯುಕ್ತ.

ಇವುಗಳಿಗೆ ತಗಲುವ ಖರ್ಚು ಅಷ್ಟೇನೂ ಹೆಚ್ಚಲ್ಲ. ಕೊರತೆಯಿರುವುದು ಮಾಲೀಕರ ಲಿಖಿತ ಆದೇಶದ್ದು. ಎದುರಿಗೆ ಕುಳಿತ ಪರಿಶೋಧಕರಿಗೆ ‘ಗುಪ್ತಪದ ಕೊಡಲಾಗದು’ ಎನ್ನುವ ಧೈರ್ಯ ಗುಮಾಸ್ತರಿಗೆ ತಾನಾಗಿ ಬರುವುದಿಲ್ಲ. ಮಾಲೀಕರ ಸಹಿಯಿರುವ ಒಂದು ಸುತ್ತೋಲೆ ಆ ಧೈರ್ಯವನ್ನು ಕೊಡುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಮುಂದಿನ ಪರಿಶೋಧನೆ ಆರಂಭವಾಗುವ ಮೊದಲೇ ಪ್ರತಿಯೊಂದು ಸದಸ್ಯ ಸಂಸ್ಥೆಯೂ ಆ ಸುತ್ತೋಲೆಯನ್ನು ಹೊರಡಿಸುವುದು ಒಳಿತು.