ಮನೆಯ ಟಿ.ವಿ.ಯೂ ನಮ್ಮ ಚಿತ್ರಸಂಕಲನವೂ

ಕೊಳ್ಳೇಗಾಲದ ರೇಷ್ಮೆ ಸೀರೆಯ ಅಂಗಡಿಗೆ ತಾಯಂದಿರೊಡನೆ ಹೋದವರೆಲ್ಲರೂ ಒಂದು ದೃಶ್ಯವನ್ನು ಕಂಡಿರಬೇಕು. ಸೀರೆ ಎಷ್ಟೇ ಮನಸ್ಸಿಗೆ ಹಿಡಿಸಿರಲಿ, ಟ್ಯೂಬ್‌ಲೈಟಿನ ಬೆಳಕನ್ನು ನಂಬಿ ಅವರು ಹಣ ಬಿಚ್ಚುವುದಿಲ್ಲ. ಸೆರಗನ್ನು ಹಿಡಿದು ಬಾಗಿಲವರೆಗೆ ಬಂದು, ಹಗಲ ಬೆಳಕಿನಲ್ಲಿ ತಿರುಗಿಸಿ ನೋಡಿದ ಮೇಲೆಯೇ ವ್ಯಾಪಾರದ ಮಾತು. ಈ ಸಾಮಾನ್ಯ ವಿವೇಕವು ಬಿ.ಎ. ತರಗತಿಯಲ್ಲಿ ಓದುವ ನನಗೆ ಇಲ್ಲದೆ ಹೋದುದರಿಂದ ಆದ ಫಜೀತಿಯನ್ನೂ, ಅದರಿಂದ ನಾನು ತಳೆದ ಅಭಿಪ್ರಾಯವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇಂದು ನಮ್ಮಲ್ಲಿ ಕವನ ಬರೆಯುವವರಿಗಿಂತ ಮೊಬೈಲಿನಲ್ಲಿ ಚಿತ್ರ ತೆಗೆಯುವವರೇ ಹೆಚ್ಚೆಂದು ತೋರುತ್ತದೆ. ಹನೂರಿನ ಕಡೆಯ ಮಿತ್ರರು ಮಲೆ ಮಹದೇಶ್ವರ ಬೆಟ್ಟದ ಹಾದಿಯನ್ನೂ, ಯಳಂದೂರಿನವರು ಬಿಳಿಗಿರಿರಂಗನ ಬೆಟ್ಟವನ್ನೂ ಚಿತ್ರಿಸಿ ತರುತ್ತಾರೆ. ತೆಗೆಯುವುದು ಸುಲಭ, ಕತ್ತರಿಸಿ ಜೋಡಿಸುವುದು ಕಷ್ಟ. ಲ್ಯಾಪ್‌ಟಾಪಿನ ಪರದೆಯ ಮುಕ್ಕಾಲು ಪಾಲನ್ನು ಸಂಕಲನದ ಗುಂಡಿಗಳೂ ಪಟ್ಟಿಗಳೂ ಆಕ್ರಮಿಸಿದರೆ ಚಿತ್ರಕ್ಕೆ ಉಳಿಯುವುದು ಅಂಗೈಯಗಲ. ಸಂಕಲನಕ್ಕೆಂದೇ ತಯಾರಾದ ಮಾನಿಟರಿನ ಬೆಲೆ ನಮ್ಮಂಥವರ ಕೈಗೆ ಎಟುಕುವುದಲ್ಲ. ಆದರೆ ಮನೆಯಲ್ಲಿ ಟಿ.ವಿ. ಇದೆ, ಎಚ್.ಡಿ.ಎಂ.ಐ. ಕೇಬಲ್ಲೊಂದನ್ನು ತಂದು ಸಿಕ್ಕಿಸಿದರೆ ಅದೇ ಎರಡನೆಯ ಪರದೆ. ಇದೇನೂ ಹೊಸ ಉಪಾಯವಲ್ಲ. 1982ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ಝಡ್.ಎಕ್ಸ್. ಸ್ಪೆಕ್ಟ್ರಂ ಎಂಬ ಅಗ್ಗದ ಕಂಪ್ಯೂಟರು ಮನೆಯ ಟಿ.ವಿ.ಯನ್ನೇ ಪರದೆಯಾಗಿ ನಂಬಿಕೊಂಡಿತ್ತು.

ನಾನೂ ಹಾಗೆಯೇ ಮಾಡಿದೆನು. ಹನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕಂಸಾಳೆ ಹಿಡಿಯುವ ಹಿರಿಯರೊಬ್ಬರನ್ನು ಕುರಿತು ಹತ್ತು ನಿಮಿಷದ ಚಿತ್ರ ತೆಗೆದಿದ್ದೆ. ಕಂಸಾಳೆಯನ್ನು ನೀವೆಲ್ಲ ಬಲ್ಲಿರಿ: ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದು ಕೈಯಲ್ಲಿ ಚಪ್ಪಟೆಯಾದುದು. ಎರಡೂ ಕೂಡುವುದಕ್ಕೂ ನಾದ ಹೊರಡುವುದಕ್ಕೂ ಎಳ್ಳಷ್ಟು ಅಂತರ ಬಿದ್ದರೂ ಕಣ್ಣು ಒಪ್ಪುವುದಿಲ್ಲ. ಚಿತ್ರವನ್ನು ಟಿ.ವಿ.ಯಲ್ಲಿ ನೋಡುತ್ತ, ಧ್ವನಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಕೇಳುತ್ತ ಕುಳಿತೆ. ಏನಾಶ್ಚರ್ಯ! ತಾಳಗಳು ಕೂಡುವ ಮುನ್ನವೇ ನಾದ ಕೇಳಿಸುತ್ತಿದೆ. ತಪ್ಪು ನನ್ನ ಜೋಡಣೆಯದೆಂದು ತಿಳಿದು, ಧ್ವನಿಯು ಮೂರು ಫ್ರೇಮಿನಷ್ಟು ತಡವಾಗಿ ಬರುವಂತೆ ಸರಿಸಿದೆ. ಬಣ್ಣ ಕಣ್ಣು ಕುಕ್ಕುವಂತಿದ್ದುದರಿಂದ ಅದನ್ನೂ ಇಳಿಸಿದೆ. ಟಿ.ವಿ.ಯಲ್ಲಿ ಎಲ್ಲವೂ ಸೊಗಸಾಯಿತು.

ಚಿತ್ರವನ್ನು ಆ ಹಿರಿಯರ ಮೊಮ್ಮಗನ ಫೋನಿಗೆ ಕಳುಹಿಸಿ, ಹೊಗಳಿಕೆಯ ಆಸೆಯಿಂದ ಮರುದಿನವೇ ಅವರ ಮನೆಗೆ ಹೋದೆ. ಫೋನಿನಲ್ಲಿ ಅವರ ಮುಖ ಬೂದಿ ಬಳಿದಂತೆ ಬಿಳಿಚಿಕೊಂಡಿತ್ತು. ಪ್ರತಿಯೊಂದು ಪೆಟ್ಟಿನ ನಾದವೂ ಕೈ ಕೂಡಿದ ಮೇಲೆ ಕುಂಟುತ್ತ ಬರುತ್ತಿತ್ತು. ಅವರು ಎರಡು ಸಲ ನೋಡಿದರು. ಬಳಿಕ ಮೆಲ್ಲಗೆ, “ಏನ್ ಮಗಾ, ಅವತ್ತು ನಾ ತಾಳ ತಪ್ಪುಬುಟ್ಟಿದ್ನಾ?” ಎಂದು ಕೇಳಿದರು. ಹುಡುಗುತನದಿಂದ ತಾಳ ತಪ್ಪದ ಕೈ ಅದು. ಆ ಕೈಯ ಮೇಲೆ ಅವರಿಗೇ ಸಂದೇಹ ಹುಟ್ಟುವಂತೆ ಮಾಡಿದವನು ನಾನು.

ಕಾರಣವೇನೆಂದು ಆಮೇಲೆ ವಿಚಾರಿಸಿದೆ. ಟಿ.ವಿ.ಯು ಚಿತ್ರವನ್ನು ಬಂದ ಹಾಗೆಯೇ ತೋರಿಸುವ ಕನ್ನಡಿಯಲ್ಲ. ಬಂದ ಚಿತ್ರವನ್ನು ಅದು ಒಳಗೆ ತಿದ್ದಿ ತೀಡಿ ಹೊರಬಿಡುತ್ತದೆ. ಆ ಶೃಂಗಾರಕ್ಕೆ ಹೊತ್ತು ಹಿಡಿಯುತ್ತದೆ. ಸೆಕೆಂಡಿಗೆ 25 ಫ್ರೇಮಿನ ಚಿತ್ರದಲ್ಲಿ ಒಂದು ಫ್ರೇಮಿಗೆ 40 ಮಿಲಿಸೆಕೆಂಡು, ಮೂರಕ್ಕೆ 120. ನನ್ನ ಕಿವಿಗೆ ನಾದ ನೇರವಾಗಿ ಬಂದಿತು, ಚಿತ್ರ ಮಾತ್ರ ಅಷ್ಟು ತಡವಾಯಿತು. ಬಣ್ಣದ ಸಂಗತಿಯೂ ಅಷ್ಟೆ. ‘ವಿವಿಡ್’ ಎಂಬ ಏರ್ಪಾಡು ನೋಡುವವರ ಕಣ್ಣು ಸೆಳೆಯುವುದಕ್ಕಾಗಿ ಬಣ್ಣವನ್ನು ಏರಿಸಿ ತೋರಿಸುತ್ತದೆ. ಕೆಲವು ಟಿ.ವಿ.ಗಳು ಚಿತ್ರದ ಅಂಚನ್ನೂ ಕತ್ತರಿಸುತ್ತವೆ. ಇನ್ನು ಕೆಲವು ಚಲನೆಯನ್ನು ನಯಗೊಳಿಸಲು ಇಲ್ಲದ ಫ್ರೇಮುಗಳನ್ನು ತಾವೇ ಸೃಷ್ಟಿಸಿ ಸೇರಿಸುತ್ತವೆ. ಈ ಕೊನೆಯ ಉಪಕಾರವನ್ನು ದಯವಿಟ್ಟು ನಿಲ್ಲಿಸಿಕೊಳ್ಳಿರೆಂದು ಹಾಲಿವುಡ್ಡಿನ ನಟ ಟಾಮ್ ಕ್ರೂಸ್ 2018ರಲ್ಲಿ ಪ್ರೇಕ್ಷಕರನ್ನೇ ಕೇಳಿಕೊಂಡರು.

ಹಾಗಾದರೆ ಟಿ.ವಿ.ಯನ್ನು ಬಿಟ್ಟುಬಿಡಬೇಕೆ? ಒಳ್ಳೆಯ ಮಾನಿಟರು ಬರುವವರೆಗೆ ಸಂಕಲನಕ್ಕೆ ಕೈ ಹಾಕಬಾರದೆಂದು ವಾದಿಸುವ ಮಿತ್ರರಿದ್ದಾರೆ. ಇದನ್ನು ನಾನು ಒಪ್ಪಲಾರೆ. ಮಾನಿಟರಿಗಾಗಿ ನಾವು ಕಾಯಬಹುದು; ಹಾಡುವ ಹಿರಿಯರ ವಯಸ್ಸು ಕಾಯುವುದಿಲ್ಲ. ಇರುವ ಟಿ.ವಿ.ಯ ಸ್ವಭಾವವನ್ನು ತಿಳಿದರೆ ಸಾಕು. ‘ಗೇಮ್’ ಅಥವಾ ‘ಪಿ.ಸಿ.’ ಎಂಬ ಏರ್ಪಾಡಿದ್ದರೆ ಅದನ್ನು ಆರಿಸಿದಾಗ ತಡ ಬಹುಮಟ್ಟಿಗೆ ತಗ್ಗುತ್ತದೆ. ‘ವಿವಿಡ್’ ತೆಗೆದು ‘ಸಿನಿಮಾ’ ಏರ್ಪಾಡಿಗೆ ತಂದರೆ ಬಣ್ಣ ಸಾಕಷ್ಟು ಹದಕ್ಕೆ ಬರುತ್ತದೆ. ಕೇಳುವುದನ್ನೂ ನೋಡುವುದನ್ನೂ ಒಂದೇ ಯಂತ್ರದಿಂದ ಮಾಡಬೇಕು. ಕೊನೆಗೆ, ಸೀರೆಯನ್ನು ಬಾಗಿಲಿಗೆ ತಂದಂತೆ, ಚಿತ್ರವನ್ನು ಎರಡು ಮೂರು ಫೋನುಗಳಲ್ಲಿಯೂ ನೋಡಿ ಒಪ್ಪಬೇಕು.

ಟಿ.ವಿ.ಯಿಂದ ಇನ್ನೊಂದು ಲಾಭವುಂಟು. ಲ್ಯಾಪ್‌ಟಾಪಿನ ಮುಂದೆ ನಾನೊಬ್ಬನೇ, ಟಿ.ವಿ.ಯ ಮುಂದೆ ಇಡೀ ಮನೆ. ನನ್ನ ಚಿತ್ರ ಓಡುತ್ತಿರುವಾಗ ಅಜ್ಜಿ ಎದ್ದು ಅಡಿಗೆಮನೆಗೆ ಹೋದರೆ, ಕತ್ತರಿ ಹಾಕಬೇಕಾದುದು ಅಲ್ಲಿಯೇ ಎಂದು ಯಾವ ಪುಸ್ತಕದ ನೆರವೂ ಇಲ್ಲದೆ ತಿಳಿಯುತ್ತದೆ. ಟಿ.ವಿ.ಯನ್ನು ಪ್ರೇಕ್ಷಕರ ಪರದೆಯಾಗಿ ಬಳಸೋಣ. ತಾಳ ಬಣ್ಣಗಳ ತೀರ್ಪನ್ನು ಮಾತ್ರ ಅದೊಂದಕ್ಕೇ ಒಪ್ಪಿಸುವುದು ಬೇಡ.

ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ. ಕಾಲೇಜಿನಲ್ಲಿ ಸಂಜೆಯ ಹೊತ್ತು ಒಂದು ಟಿ.ವಿ.ಯನ್ನೂ ಒಂದು ಕೇಬಲ್ಲನ್ನೂ ನಮ್ಮ ಕೈಗೆ ಕೊಡಿಸಬೇಕು. ನಾವು ಯಾರ ಚಿತ್ರ ತೆಗೆದೆವೋ ಅವರನ್ನು ಕರೆತಂದು, ಲೋಕಕ್ಕೆ ಬಿಡುವ ಮುನ್ನ ಅವರಿಗೇ ತೋರಿಸುವ ಪದ್ಧತಿ ನಮ್ಮಲ್ಲಿ ಬೆಳೆಯಬೇಕು.

ನಾನು ಧ್ವನಿಯನ್ನೂ ಬಣ್ಣವನ್ನೂ ಸರಿಪಡಿಸಿ ಮತ್ತೆ ಆ ಹಳ್ಳಿಗೆ ಹೋದೆನು. ಹಿರಿಯರು ನೋಡುತ್ತಿದ್ದಂತೆ ಅವರ ಬೆರಳು ಮಂಡಿಯ ಮೇಲೆ ತಾನಾಗಿಯೇ ತಾಳ ಹಾಕತೊಡಗಿತು. “ಇದು ನಾನೇ ಕನ್ ಮಗಾ” ಎಂದರು.