ಫೈರ್ ಡೋರಿಗೆ ಅಡ್ಡ ಇಟ್ಟ ಇಟ್ಟಿಗೆ

ಮುಂಬೈಯ ನಮ್ಮ ಸೊಸೈಟಿಯಲ್ಲಿ ಹನ್ನೊಂದನೇ ಮಹಡಿಯ ಫೈರ್ ಡೋರಿಗೆ ವರ್ಷಗಳಿಂದ ಇಟ್ಟಿಗೆ ಅಡ್ಡ ಇಟ್ಟಿದ್ದಾರೆ, ಗಾಳಿ ಬರಲಿ ಅಂತ. 2006ರ ಮಹಾರಾಷ್ಟ್ರ ಕಾಯ್ದೆಯಂತೆ ಪ್ರತಿ ಜನವರಿ, ಜುಲೈನಲ್ಲಿ ‘ಫಾರ್ಮ್ ಬಿ’ ಸಲ್ಲಿಸಬೇಕು, ತಪ್ಪದೆ ಸಲ್ಲಿಸುತ್ತೇವೆ. ಈ ಸಲ ಏಜೆನ್ಸಿಯವನು ಕೆಳಗೆ ಪಂಪು ನೋಡಿ, ಚಹಾ ಕುಡಿದು, ಸಹಿ ಹಾಕಿ ಹೋದ. ಮೇಲೆ ಹತ್ತಲೇ ಇಲ್ಲ.

ಗಾಳಿ ಬೇಡವೇ ಎನ್ನುತ್ತಾರೆ. ಗಾಳಿ ಬರುವ ದಾರಿಯಲ್ಲೇ ಹೊಗೆಯೂ ಬರುತ್ತದೆ, ಮತ್ತು ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆಯೇ. ಅದು ಮೆಟ್ಟಿಲಿಗೆ ನುಗ್ಗದಂತೆ ತಡೆಯುವುದಷ್ಟೇ ಆ ಬಾಗಿಲಿನ ಕೆಲಸ. ತೆರೆದಿಟ್ಟರೆ ಅದು ಬರೀ ಹಲಗೆ. ಹಾಗಂತ ಬೀಗ ಜಡಿಯುವುದು ಇನ್ನೂ ಘೋರ: 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು, ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು.

ಇವತ್ತೇ ನಿಮ್ಮ ಮಹಡಿಯ ಬಾಗಿಲನ್ನು ಅರ್ಧ ತೆರೆದು ಕೈಬಿಡಿ. ತಾನಾಗಿ ಮುಚ್ಚಿ ಚಿಲಕ ಕಚ್ಚಿಕೊಂಡಿತೇ? ಕ್ಲೋಸರ್‌ನಿಂದ ಎಣ್ಣೆ ಸೋರುತ್ತಿದೆಯೇ? ಬಿಸಿಗೆ ಉಬ್ಬಿ ಸಂದು ಮುಚ್ಚುವ ಅಂಚಿನ ಪಟ್ಟಿ ಇದೆಯೇ, ಬಣ್ಣ ಹೊಡೆಯುವವರು ಕಿತ್ತರೇ? ಒಂದು ನಿಮಿಷದ ಕೆಲಸ.

ಕಾಯ್ದೆ ಹೊಣೆ ಹೊರಿಸಿರುವುದು ಕಟ್ಟಡದ ಮಾಲೀಕರು, ನಿವಾಸಿಗಳ ಮೇಲೆ. ಜುಲೈನಲ್ಲಿ ಏಜೆನ್ಸಿಯವನು ನಿಮ್ಮ ಜೊತೆ ಪ್ರತಿ ಮಹಡಿ ಹತ್ತದಿದ್ದರೆ ದುಡ್ಡು ಕೊಡಬೇಡಿ. ಇಟ್ಟಿಗೆಯನ್ನು ಮಾತ್ರ ಅವನಿಗಾಗಿ ಕಾಯದೆ ಈಗಲೇ ತೆಗೆಯಿರಿ.